ಹಸಿರು ಹಲಗೆಯ ತಾಮ್ರ ಎಲ್ಲಿಗೆ ಹೋಗುತ್ತದೆ?

ಗೆದ್ದಲು, ಬೂಷ್ಟು ಹಿಡಿಯದಂತೆ ತಾಮ್ರದ ಔಷಧ ತುಂಬಿದ ಹಸಿರು ಮರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ: ಒಳಗೆ ತುಂಬಿದ್ದು ಒಳಗೇ ಇರುತ್ತದಾ? ಇರುವುದಿಲ್ಲ. ಸ್ವಲ್ಪ ಹೊರಗೆ ಬಂದೇ ಬರುತ್ತದೆ. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ಬಂದದ್ದು ಎಲ್ಲಿಗೆ ಸೇರುತ್ತದೆ ಎನ್ನುವುದನ್ನು ನೋಡಬೇಕು. ಮರದ ತುಂಡು ನೆನೆಸಿಟ್ಟ ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಅಳೆಯುವ ಪ್ರಯೋಗಾಲಯದಲ್ಲಿ ನಾನು ಬಹುಕಾಲ ಕೆಲಸ ಮಾಡಿದವಳು. ಹಾಗಾಗಿ ಈ ಸಲದ ಜಾಗವನ್ನೆಲ್ಲ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ಹಿತ್ತಲಿನ ಸಣ್ಣ ಕೊಳದ ಮೇಲೆ ಓಡಾಡಲು ಹೊಸ ಹಲಗೆ ಹಾಕಿಸಿದೆವು. ಟ್ರೀಟ್ ಮಾಡಿದ ಹಸಿರು ಹಲಗೆ. ಮೊದಲ ಮಳೆಗೇ ಅದರಿಂದ ತಿಳಿಹಸಿರು ಹನಿ ತೊಟ್ಟಿಕ್ಕಿತು. ಸ್ವಲ್ಪ ದಿನದಲ್ಲೇ ಬಸವನಹುಳುಗಳೆಲ್ಲ ಸತ್ತವು, ಮೀನುಗಳು ಮಂಕಾಗಿವೆ. ‘ಈಗಿನ ಔಷಧದಲ್ಲಿ ಆರ್ಸೆನಿಕ್ ಇಲ್ಲ, ಮನುಷ್ಯರಿಗೆ ಏನೂ ಆಗಲ್ಲ’ ಎಂದು ಮಾರಿದವರು ಹೇಳುತ್ತಾರೆ. ಹಾಗಿದ್ದರೆ ಇದು ಯಾಕಾಯಿತು?

ಉತ್ತರ: ಮಾರಿದವರು ಹೇಳಿದ್ದು ಸುಳ್ಳಲ್ಲ. ಆದರೆ ನಿಮ್ಮ ಕೊಳದಲ್ಲಿ ಇರುವುದು ಮನುಷ್ಯರಲ್ಲವಲ್ಲ. ತಾಮ್ರದ ವಿಷಯದಲ್ಲಿ ನಮಗೂ ಬಸವನಹುಳುವಿಗೂ ಅಜಗಜಾಂತರ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೆದು ನೀರಿನಲ್ಲಿ ಬದುಕುವ ಕೆಲವು ಬಸವನಹುಳು, ನೀರುಚಿಗಟ, ಮರಿಮೀನುಗಳನ್ನು ಕೊಲ್ಲಲು ಲೀಟರಿಗೆ ಹತ್ತಾರು ಮೈಕ್ರೋಗ್ರಾಂ ಸಾಕು (ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ). ಅಂದರೆ ನಾವು ಧಾರಾಳವಾಗಿ ಕುಡಿಯಬಹುದಾದ ನೀರೇ ಅವಕ್ಕೆ ಕಂಟಕ.

ಒಂದು ಲೆಕ್ಕ ಹಾಕೋಣ. ಈಗ ಚಾಲ್ತಿಯಲ್ಲಿರುವ ಔಷಧಗಳಲ್ಲಿ ಎಸಿಕ್ಯೂ ಎನ್ನುವುದೊಂದು. ಅದರಲ್ಲಿ ಮೂರರಲ್ಲಿ ಎರಡು ಪಾಲು ತಾಮ್ರದ ಆಕ್ಸೈಡ್. ಒಂದು ಘನ ಮೀಟರ್ ಮರದಲ್ಲಿ 4 ಕೆಜಿ ಔಷಧ ಉಳಿಯುವಂತೆ ತುಂಬಿದ್ದಾರೆ ಎಂದುಕೊಳ್ಳಿ. ಬರೀ ತಾಮ್ರ ಎಂದು ಎಣಿಸಿದರೆ ಅದು ಸುಮಾರು 2.1 ಕೆಜಿ. 3 ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಒಂದು ಹಲಗೆಯಲ್ಲಿ ಸುಮಾರು 24 ಗ್ರಾಂ ತಾಮ್ರ ಆಯಿತು. ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಮಳೆಯಲ್ಲಿ ಇಳಿದು, ಸಾವಿರ ಲೀಟರಿನ ಕೊಳಕ್ಕೆ ಬಿತ್ತು ಅನ್ನಿ. ಲೀಟರಿಗೆ 240 ಮೈಕ್ರೋಗ್ರಾಂ! ಇದು ಒಂದೇ ಹಲಗೆಯ ಲೆಕ್ಕ. ನೀರಿಗೆ ಬಿದ್ದ ತಾಮ್ರದಲ್ಲಿ ಒಂದಷ್ಟನ್ನು ಕೆಸರು, ಕೊಳೆತ ಎಲೆ ಹಿಡಿದುಕೊಳ್ಳುತ್ತವೆ, ಹಾಗಾಗಿ ಪೂರ್ತಿ 240 ಉಳಿಯುವುದಿಲ್ಲ. ಆದರೂ ನಿಮ್ಮ ಬಸವನಹುಳುಗಳು ಸತ್ತದ್ದು ಯಾಕೆ ಎನ್ನುವುದು ಅರ್ಥವಾಗುತ್ತದೆ ಅಲ್ವಾ? ಬಸವನಹುಳುಗಳನ್ನು ಕೊಲ್ಲಬೇಕೆಂದೇ ನೀರಿಗೆ ಮೈಲುತುತ್ತ ಹಾಕುವುದುಂಟು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್ ತಾನೆ.

ಮೀನಿನ ಕಥೆ ಬೇರೆ. ಸಿಹಿನೀರಿನ ಮೀನಿನ ಮೈಯಿಂದ ಉಪ್ಪಿನಂಶ ಸದಾ ನೀರಿಗೆ ಸೋರುತ್ತಲೇ ಇರುತ್ತದೆ. ಕಿವಿರುಗಳು ನೀರಿನಿಂದ ಸೋಡಿಯಂ ಹೀರಿಕೊಂಡು ಅದನ್ನು ತುಂಬಿಕೊಡುತ್ತವೆ. ತಾಮ್ರ ಬಂದು ಕೂರುವುದು ಆ ಹೀರುವ ಜಾಗದಲ್ಲೇ. ಸೋರುವುದು ನಿಲ್ಲುವುದಿಲ್ಲ, ತುಂಬುವುದು ನಿಲ್ಲುತ್ತದೆ. ಮೀನು ಮಂಕಾಗುವುದು ಇದರಿಂದ. ನೀರು ಗಡುಸಾಗಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ, ತಾಮ್ರದ ಏಟು ಕಡಿಮೆಯಾಗುತ್ತದೆ. ಮಳೆನೀರು ತುಂಬಿದ ಕೊಳದಲ್ಲಿ ಆ ರಕ್ಷಣೆ ಇರುವುದಿಲ್ಲ.

ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಾ, ಹೊತ್ತೇರಿದ ಮೇಲೆ ಸರಿಹೋಗುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಆದರೆ ಕೊಳದ ಬಸವನಹುಳುಗಳಲ್ಲಿ ಹಲವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಅವೇ ಮೊದಲು ಸತ್ತಿವೆ ಎಂದರೆ ನನ್ನ ಅನುಮಾನ ತಾಮ್ರದ ಮೇಲೇ. ಅಕ್ವೇರಿಯಂ ಅಂಗಡಿಗಳಲ್ಲಿ ತಾಮ್ರ ಪರೀಕ್ಷಿಸುವ ಕಿಟ್ ಸಿಗುತ್ತದೆ, ನೋಡಿ. ಆದರೆ ಅದು ‘ಇಲ್ಲ’ ಎಂದು ತೋರಿಸಿದರೆ ಸುಮ್ಮನಾಗಬೇಡಿ. ಹತ್ತಾರು ಮೈಕ್ರೋಗ್ರಾಂ ಸಾಮಾನ್ಯ ಕಿಟ್‌ಗಳ ಕಣ್ಣಿಗೆ ಬೀಳುವುದಿಲ್ಲ.

ಈಗ ಮಾಡಬೇಕಾದ್ದು. ಮೊದಲು ಹಲಗೆಗಳನ್ನು ಬಿಚ್ಚಿ ತೆಗೆಯಿರಿ. ಆಗದಿದ್ದರೆ ಮಳೆ ನೀರು ಅವುಗಳ ಮೇಲಿಂದ ಕೊಳಕ್ಕೆ ಇಳಿಯದಂತೆ ಟಾರ್ಪಾಲು ಹೊದಿಸಿ. ಕೊಳದ ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ, ಒಂದೇ ಸಲ ಪೂರ್ತಿ ಬೇಡ. ಫಿಲ್ಟರ್ ಇದ್ದರೆ ಅದರಲ್ಲಿ ಸಕ್ರಿಯ ಇದ್ದಿಲು ಹಾಕಿ, ಒಂದಷ್ಟು ತಾಮ್ರ ಹಿಡಿಯುತ್ತದೆ.

ಇನ್ನೊಂದು ಕೇಳಬೇಕು. ಬಡಗಿ ಹಲಗೆ ಕೊಯ್ದದ್ದು ಎಲ್ಲಿ? ಕೊಳದ ಮೇಲೆಯೇ ಇಟ್ಟು ಕೊಯ್ದಿದ್ದರೆ ಹೊಟ್ಟು ನೀರಿಗೆ ಬಿದ್ದು ತಳ ಸೇರಿರುತ್ತದೆ. ಜನ ಹಲಗೆಯನ್ನು ದೂರುತ್ತಾರೆ, ಹೊಟ್ಟನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಹಲಗೆಯಲ್ಲಿ ನೀರು ಒಳಗೆ ಹೋಗಿ ತಾಮ್ರ ಹೊತ್ತು ಹೊರಗೆ ಬರಬೇಕು, ಅದು ನಿಧಾನದ ಕೆಲಸ. ಹೊಟ್ಟಿನಲ್ಲಿ ಆ ದಾರಿಯೇ ಇಲ್ಲ. ಪ್ರತಿ ಕಣವೂ ಎಲ್ಲ ಕಡೆಯಿಂದ ನೀರಿಗೆ ತೆರೆದುಕೊಂಡಿರುತ್ತದೆ. ಅಷ್ಟೇ ತೂಕದ ಹಲಗೆಗೆ ಹೋಲಿಸಿದರೆ ಅದು ಬಿಡುವ ತಾಮ್ರ ಎಷ್ಟೋ ಪಟ್ಟು ಜಾಸ್ತಿ. ಬಲೆ ಹಾಕಿ ತಳದಿಂದ ಎತ್ತಿಸಿ.

ಪ್ರಶ್ನೆ: ಹಾಗಾದರೆ ಹೊಸ ಹಲಗೆಯನ್ನು ಬಳಸುವ ಮೊದಲು ಏನು ಮಾಡಬೇಕು? ತೊಳೆದರೆ ಸಾಕಾ? ಎಷ್ಟು ಕಾಲ ತಾಮ್ರ ಬಿಡುತ್ತಲೇ ಇರುತ್ತದೆ?

ಉತ್ತರ: ಜಾಸ್ತಿ ಬಿಡುವುದು ಮೊದಮೊದಲ ಮಳೆಗಳಲ್ಲಿ. ಆಮೇಲೆ ಜರ್ರನೆ ಇಳಿಯುತ್ತದೆ. ಪೂರ್ತಿ ನಿಲ್ಲುವುದಿಲ್ಲ, ವರ್ಷಗಟ್ಟಲೆ ಚೂರು ಚೂರು ಬರುತ್ತಿರುತ್ತದೆ. ಕಾರಣ ಹೀಗಿದೆ. ತಾಮ್ರವನ್ನು ನೀರಿನಲ್ಲಿ ಕರಗಿಸಿ ಇಡಲು ಅಮೋನಿಯಾ ಜಾತಿಯ ಒಂದು ರಾಸಾಯನಿಕ ಸೇರಿಸಿ, ಒತ್ತಡದಲ್ಲಿ ಮರದೊಳಗೆ ನುಗ್ಗಿಸುತ್ತಾರೆ. ಒಳಗೆ ಹೋದ ತಾಮ್ರ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ಎಂಬ ವಸ್ತುಗಳಿಗೆ ಕಚ್ಚಿಕೊಳ್ಳಬೇಕು. ಈ ಕಚ್ಚುವ ಕೆಲಸಕ್ಕೆ ಸಮಯ ಬೇಕು, ಶಾಖ ಬೇಕು, ತೇವವೂ ಬೇಕು. ಬೆಚ್ಚಗಿದ್ದರೆ ದಿನಗಳಿಂದ ವಾರಗಳಲ್ಲಿ ಆಗುವುದು ಚಳಿಯಲ್ಲಿ ಬಹಳ ಎಳೆಯುತ್ತದೆ. ಇನ್ನು, ಮರದಲ್ಲಿ ಕಚ್ಚಿಕೊಳ್ಳಲು ಇರುವ ಜಾಗಕ್ಕೂ ಮಿತಿ ಇದೆ. ಜಾಗ ಭರ್ತಿಯಾದ ಮೇಲೆ ತುಂಬಿದ ತಾಮ್ರ ಸಡಿಲವಾಗಿಯೇ ಉಳಿಯುತ್ತದೆ. ಮೊದಲ ಮಳೆಗೆ ಇಳಿಯುವುದು ಈ ಸಡಿಲ ತಾಮ್ರ. ನೆಲದಲ್ಲಿ ಹೂಳುವ ಕಂಬಕ್ಕೆ ಔಷಧ ಜಾಸ್ತಿ ತುಂಬಿರುತ್ತಾರೆ. ಅಂಥದ್ದನ್ನು ಬೇಡದ ಕಡೆ ‘ಗಟ್ಟಿಯಾಗಿರಲಿ’ ಎಂದು ತಂದು ಹಾಕಬೇಡಿ.

ಹೊಸ ಹಲಗೆ ಮುಟ್ಟಿದರೆ ಒದ್ದೆ, ಮೂಗಿಗೆ ಘಾಟು ಅನ್ನಿಸಿದರೆ ಇನ್ನೂ ಕೆಲಸ ಮುಗಿದಿಲ್ಲ ಎಂದೇ ತಿಳಿಯಿರಿ. ಒತ್ತೊತ್ತಾಗಿ ಜೋಡಿಸಿ, ಮಳೆ ತಾಗದಂತೆ ಮುಚ್ಚಿ, ಕೆಲವು ವಾರ ಸುಮ್ನೆ ಬಿಡಿ. ಬೇಗ ಒಣಗಲಿ ಎಂದು ಉರಿಬಿಸಿಲಿಗೆ ಹರಡಬೇಡಿ. ತೇವ ಹೋದರೆ ತಾಮ್ರ ಕಚ್ಚುವುದು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಹಲಗೆಗಳ ನಡುವೆ ಪಟ್ಟಿ ಇಟ್ಟು ನೆರಳಲ್ಲಿ ಒಣಗಿಸಿ. ತೊಳೆಯುವುದಾದರೆ ಆ ನೀರು ಚರಂಡಿಗೆ, ಹಳ್ಳಕ್ಕೆ ಹೋಗದಂತೆ ನೋಡಿ. ಇಲ್ಲದಿದ್ದರೆ ನಿಮ್ಮ ಕೊಳದ ಕಷ್ಟವನ್ನು ಇನ್ನೊಬ್ಬರ ಕೊಳಕ್ಕೆ ಕಳಿಸಿದಂತೆ ಆಗುತ್ತದೆ.

ಕೊಯ್ದ ತುದಿಗಳ ಬಗ್ಗೆ ಹೇಳಲೇಬೇಕು. ಪ್ರಯೋಗಾಲಯದಲ್ಲಿ ನಾವು ಹಲಗೆಯನ್ನು ಅಡ್ಡ ಕೊಯ್ದು, ಆ ಮುಖಕ್ಕೆ ಕ್ರೋಮ್ ಅಜುರೋಲ್ ಎನ್ನುವ ದ್ರಾವಣ ಸಿಂಪಡಿಸುತ್ತಿದ್ದೆವು. ತಾಮ್ರ ಇರುವ ಕಡೆ ಗಾಢ ನೀಲಿ ಎದ್ದು ಬರುತ್ತದೆ. ಹೆಚ್ಚಿನ ಹಲಗೆಗಳಲ್ಲಿ ಕಾಣುವುದು ಅಂಚಿನ ಸುತ್ತ ಒಂದು ನೀಲಿ ಪಟ್ಟಿ, ನಡುವೆ ನೀಲಿಯೇ ಏರದ ಚೇಗು. ಚೇಗಿನ ಒಳಗೆ ಔಷಧ ಇಳಿಯುವುದು ಬಹಳ ಕಷ್ಟ, ಹೊರಗಿನ ಬಿಳಿ ಭಾಗ ಮಾತ್ರ ಕುಡಿದಿರುತ್ತದೆ. ಆ ನೀಲಿ ಪಟ್ಟಿಯೊಳಗೂ ಅಲ್ಲಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಇನ್ನೂ ಕಡುವಾಗಿ ಕಾಣುತ್ತವೆ. ಮರ ಬದುಕಿದ್ದಾಗ ನೀರು ಹರಿದ ಕೊಳವೆಗಳ ಬಾಯಿ ಅವು. ಮಳೆನೀರು ಅಡ್ಡಡ್ಡವಾಗಿ ನುಗ್ಗುವುದಕ್ಕಿಂತ ಈ ಬಾಯಿಗಳ ಮೂಲಕ ಎಷ್ಟೋ ವೇಗವಾಗಿ ಒಳಗೆ ಹೋಗುತ್ತದೆ, ತಾಮ್ರವನ್ನು ತೆಗೆದುಕೊಂಡು ಹೊರಗೂ ಬರುತ್ತದೆ. ಆದ್ದರಿಂದ ತುದಿಗಳಿಗೆ ನೀರು ಹಿಡಿಯದಂಥ ಲೇಪ ಬಳಿಯಲೇಬೇಕು. ಉಳಿದ ಮೈಗೆ ಒಳಗೆ ಇಂಗುವ ಎಣ್ಣೆ ಮಾದರಿಯ ಫಿನಿಶ್ ಒಳ್ಳೆಯದು. ಮೇಲೆ ಪದರ ಕಟ್ಟುವ ಪೇಂಟು ಒಂದು ಕಡೆ ಬಿರಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ತರಕಾರಿ ಮಡಿಯ ಸುತ್ತ ಇಂಥ ಹಲಗೆ ಕಟ್ಟಿದ್ದೇವೆ. ಅದರಲ್ಲಿ ಬೆಳೆದದ್ದನ್ನು ಮಕ್ಕಳಿಗೆ ಕೊಡಬಹುದಾ?

ಉತ್ತರ: ತಾಮ್ರ ಮಾತ್ರ ಇರುವ ಈಗಿನ ಹಲಗೆ ಆಗಿದ್ದರೆ ಕೊಡಬಹುದು. ಮಣ್ಣಿಗೆ ಇಳಿದ ತಾಮ್ರ ದೂರ ಹೋಗುವುದಿಲ್ಲ. ಸಾವಯವ ಅಂಶ, ಜೇಡಿ ಅದನ್ನು ಗಟ್ಟಿಯಾಗಿ ಹಿಡಿಯುತ್ತವೆ. ಹಲಗೆಯಿಂದ ಕೆಲವೇ ಸೆಂಟಿಮೀಟರ್ ಒಳಗಿನ ಮಣ್ಣಲ್ಲಿ ಜಾಸ್ತಿ ಸಿಗುತ್ತದೆ, ಮಡಿಯ ನಡುವೆ ವ್ಯತ್ಯಾಸ ಕಾಣುವುದೇ ಕಷ್ಟ. ಬೇರು ಹೀರಿದ ತಾಮ್ರದಲ್ಲೂ ಹೆಚ್ಚಿನದು ಬೇರಲ್ಲೇ ಉಳಿಯುತ್ತದೆ. ಮಣ್ಣಿನಲ್ಲಿ ತಾಮ್ರ ವಿಪರೀತ ಆದರೆ ಮೊದಲು ಗಿಡವೇ ಹಳದಿಯಾಗಿ, ಬೇರು ಮೊಂಡಾಗಿ ಸೊರಗುತ್ತದೆ. ತಿನ್ನುವವರಿಗೆ ತೊಂದರೆಯಾಗುವಷ್ಟು ತಾಮ್ರ ತುಂಬಿಕೊಂಡು ಸೊಂಪಾಗಿ ಬೆಳೆಯುವ ಗಿಡ ಸಿಗುವುದಿಲ್ಲ.

ಮಣ್ಣು ಹುಳಿಯಾದಷ್ಟೂ ತಾಮ್ರ ಸಡಿಲವಾಗುತ್ತದೆ. ಮರಳು ಮಣ್ಣು, ಹುಳಿ ಮಣ್ಣು ಎರಡೂ ಸೇರಿದರೆ ಸ್ವಲ್ಪ ಎಚ್ಚರ ಬೇಕು. ಸುಣ್ಣ, ಚೆನ್ನಾಗಿ ಕಳಿತ ಗೊಬ್ಬರ ಹಾಕುತ್ತಿರಿ. ಇನ್ನೂ ಕೊಳೆಯುತ್ತಿರುವ ಹಸಿ ಗೊಬ್ಬರವನ್ನು ಹಲಗೆಗೆ ತಾಗಿಸಿ ರಾಶಿ ಹಾಕಬೇಡಿ. ಅದರಿಂದ ಬಸಿಯುವ ಹುಳಿನೀರು ಮರಕ್ಕೆ ಕಚ್ಚಿದ ತಾಮ್ರವನ್ನೂ ಎಳೆದು ತರುತ್ತದೆ. ಗೆಡ್ಡೆ ತರಕಾರಿಗಳನ್ನು ಹಲಗೆಯಿಂದ ಒಂದು ಗೇಣು ಈಚೆಗೆ ನೆಡಿ. ಮನಸ್ಸಿಗೆ ಸಮಾಧಾನ ಇಲ್ಲವೆಂದರೆ ಹಲಗೆಯ ಒಳಮೈಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊಡೆಯಿರಿ, ತಳ ಮಾತ್ರ ತೆರೆದಿರಲಿ.

ಹಲಗೆ ಹಳೆಯದಾಗಿದ್ದು, ಎಲ್ಲಿಂದಲೋ ಕಿತ್ತು ತಂದದ್ದಾದರೆ ನನ್ನ ಉತ್ತರ ಬೇರೆ. ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ಹಳೆಯ ಕಟ್ಟಡ ಕೆಡವಿದಾಗ ರಾಶಿ ಹಲಗೆ ಸಿಕ್ಕಿದೆ. ಬೂದು ಬಣ್ಣಕ್ಕೆ ತಿರುಗಿವೆ. ಇದರಲ್ಲಿ ಆರ್ಸೆನಿಕ್ ಇದೆಯಾ ಎಂದು ನೋಡಿ ತಿಳಿಯಬಹುದಾ? ಕೆಟ್ಟವನ್ನು ಒಲೆಗೆ ಹಾಕಬಹುದಾ?

ಉತ್ತರ: ಒಲೆಗೆ ಬೇಡವೇ ಬೇಡ. ಬೆಂಕಿ, ಬಚ್ಚಲ ಹಂಡೆ, ಹೊಗೆ ಹಾಕುವುದು, ಯಾವುದಕ್ಕೂ ಬೇಡ. ಆರ್ಸೆನಿಕ್ ಇರುವ ಮರ ಸುಟ್ಟರೆ ಒಂದು ಪಾಲು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಸಾಂದ್ರವಾಗುತ್ತದೆ. ದನಗಳು ಉಪ್ಪಿನ ಆಸೆಗೆ ಬೂದಿ ನೆಕ್ಕುತ್ತವೆ. ಇಂಥ ಮರದ ಬೂದಿ ನೆಕ್ಕಿ ದನ ಸತ್ತ ಪ್ರಕರಣಗಳು ದಾಖಲಾಗಿವೆ. ಆ ಬೂದಿಯನ್ನು ಗಿಡದ ಬುಡಕ್ಕೂ ಹಾಕಬಾರದು.

ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಬಿಸಿಲಿಗೆ ಬೂದಾದ ಮೇಲೆ ಎಲ್ಲ ಒಂದೇ ಥರ. ನಾನು ಮೇಲೆ ಹೇಳಿದ ನೀಲಿ ಪರೀಕ್ಷೆ ತಾಮ್ರ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಜೊತೆಗೆ ಆರ್ಸೆನಿಕ್ ಇದೆಯೇ ಎನ್ನಲು ಎಕ್ಸ್-ರೇ ಬಳಸುವ ಕೈಯಲ್ಲಿ ಹಿಡಿಯುವ ಯಂತ್ರವೋ ಪ್ರಯೋಗಾಲಯವೋ ಬೇಕು. ಒಂದು ಸುಳಿವು ಕೊಡಬಲ್ಲೆ. ಅಮೆರಿಕದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಔಷಧವನ್ನು ಮನೆಬಳಕೆಯ ಮರಕ್ಕೆ ತುಂಬುವುದನ್ನು ತಯಾರಕರು 2003ರ ಕೊನೆಗೆ ನಿಲ್ಲಿಸಿದರು. ಯುರೋಪಿನಲ್ಲಿ 2004ರಿಂದ, ಆಸ್ಟ್ರೇಲಿಯಾದಲ್ಲಿ 2006ರಿಂದ ನಿರ್ಬಂಧಗಳು ಬಂದವು. ಆ ವರ್ಷಗಳಿಗಿಂತ ಹಳೆಯದು, ಔಷಧ ತುಂಬಿದ್ದು ಎಂದು ಗೊತ್ತಾದರೆ ಆರ್ಸೆನಿಕ್ ಇದೆ ಎಂದೇ ಹಿಡಿದುಕೊಳ್ಳಿ. ಮಕ್ಕಳು ಆಡುವ ಕಡೆ, ಊಟದ ಮೇಜಿಗೆ, ತರಕಾರಿ ಮಡಿಗೆ ಬೇಡ. ಪುಡಿ ಮಾಡಿ ಗಿಡದ ಬುಡಕ್ಕೆ ಹಾಸುವುದಂತೂ ಎಲ್ಲಕ್ಕಿಂತ ಕೆಟ್ಟ ಉಪಯೋಗ.

ಬೂದು ಹೋಗಿ ಹೊಳಪು ಬರಲಿ ಎಂದು ಬ್ಲೀಚ್ ಹಾಕಿ ಉಜ್ಜುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಮರದೊಳಗೆ ಸಾಧುವಾಗಿ ಕೂತಿರುವ ಕ್ರೋಮಿಯಂ ಬ್ಲೀಚ್ ತಾಗಿದರೆ ಮತ್ತೆ ತನ್ನ ವಿಷಕಾರಿ ರೂಪಕ್ಕೆ ತಿರುಗಿ ನೀರಿನಲ್ಲಿ ಇಳಿಯುತ್ತದೆ. ಆಕ್ಸಾಲಿಕ್, ಸಿಟ್ರಿಕ್ ಆಮ್ಲದ ಕ್ಲೀನರ್‌ಗಳು ತಾಮ್ರವನ್ನೇ ಬಿಡಿಸುತ್ತವೆ. ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು.

ಪ್ರಶ್ನೆ: ಇಷ್ಟೆಲ್ಲ ವಿಜ್ಞಾನ ಮುಂದುವರಿದಿದೆ. ಚೂರೂ ಸೋರದ ಔಷಧವನ್ನು ಯಾಕೆ ಕಂಡುಹಿಡಿದಿಲ್ಲ?

ಉತ್ತರ: ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಯಾಕೆಂದರೆ ಮರಕ್ಕೆ ಔಷಧ ಹಾಕುವ ಚರಿತ್ರೆಯಲ್ಲಿ ಬಹುಪಾಲು ಈ ಸೋರಿಕೆಯ ಜೊತೆಗಿನ ಗುದ್ದಾಟವೇ. 1830ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಬುಶೆರಿ ಎನ್ನುವವರು ಆಗಷ್ಟೇ ಕಡಿದ ಮರದ ಬುಡದಿಂದ ಮೈಲುತುತ್ತದ ನೀರು ತಳ್ಳಿ, ಒಳಗಿದ್ದ ರಸವನ್ನು ಹೊರಗೆ ಹಾಕುವ ವಿಧಾನ ತಂದರು. ಯುರೋಪಿನ ಟೆಲಿಗ್ರಾಫ್ ಕಂಬಗಳಿಗೆ ಅದನ್ನು ಬಳಸಿದರು. ಆದರೆ ಬರೀ ಮೈಲುತುತ್ತ ನೀರಿಗೆ ಸುಲಭವಾಗಿ ತೊಳೆದುಹೋಗುತ್ತದೆ.

ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ತಾಮ್ರ ಮತ್ತು ಆರ್ಸೆನಿಕ್ ಜೊತೆಗೆ ಕ್ರೋಮಿಯಂ ಸೇರಿಸಿದರು. ಕ್ರೋಮಿಯಂ ಮರದೊಳಗೆ ರೂಪ ಬದಲಿಸಿಕೊಳ್ಳುವಾಗ ಉಳಿದೆರಡನ್ನೂ ಕರಗದ ಹಾಗೆ ಕಟ್ಟಿಹಾಕುತ್ತದೆ. ‘ಆಸ್ಕು’ ಎಂಬ ಹೆಸರಲ್ಲಿ ಪ್ರಪಂಚ ಸುತ್ತಿದ ಆ ಮಿಶ್ರಣವೇ ಸಿಸಿಎ. ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಪ್ರಪಂಚದ ಲೆಕ್ಕವಿಲ್ಲದಷ್ಟು ಬೇಲಿ ಕಂಬ, ವಿದ್ಯುತ್ ಕಂಬಗಳು ದಶಕಗಟ್ಟಲೆ ಉಳಿದದ್ದು ಅವರಿಂದ. ಶಾಲೆಯ ಪುಸ್ತಕದಲ್ಲಿ ಅವರ ಬಗ್ಗೆ ಒಂದು ಪುಟವಾದರೂ ಇರಬೇಕು.

ಆರ್ಸೆನಿಕ್ ಬೇಡ ಎಂದಾಗ ಅದರ ಜೊತೆ ಕ್ರೋಮಿಯಂ ಕೂಡ ಹೋಯಿತು. ಹೋದದ್ದು ಒಳ್ಳೆಯದೇ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಿಹಾಕುವವನೇ ಇಲ್ಲದಾದ. ಆರ್ಸೆನಿಕ್ ಮಾಡುತ್ತಿದ್ದ ಕೆಲಸವನ್ನೂ ತಾಮ್ರವೇ ಮಾಡಬೇಕಾಗಿ ಅದರ ಪ್ರಮಾಣ ಏರಿತು. ಘನ ಮೀಟರಿಗೆ 4 ಕೆಜಿ ಸಿಸಿಎ ಇದ್ದ ಮರದಲ್ಲಿ ತಾಮ್ರ ಇದ್ದದ್ದು ಸುಮಾರು 0.6 ಕೆಜಿ. ಅಷ್ಟೇ ಎಸಿಕ್ಯೂ ತುಂಬಿದ ಮರದಲ್ಲಿ 2.1 ಕೆಜಿ. ಇದೆಲ್ಲ ಸಾಲದು ಎಂಬಂತೆ ತಾಮ್ರವನ್ನೂ ಲೆಕ್ಕಿಸದ ಕೆಲವು ಬೂಷ್ಟುಗಳಿವೆ. ಅವು ಆಕ್ಸಾಲಿಕ್ ಆಮ್ಲ ಬಿಟ್ಟು ತಾಮ್ರವನ್ನು ನಿರುಪದ್ರವಿ ಪುಡಿಯಾಗಿಸುತ್ತವೆ. ಅದಕ್ಕಾಗಿ ಜೊತೆಗೆ ಇನ್ನೊಂದು ಔಷಧ ಸೇರಿಸಬೇಕಾಯಿತು. ಈಚೆಗೆ ತಾಮ್ರವನ್ನು ಕರಗಿಸುವ ಬದಲು ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ನುಣ್ಣಗೆ ಅರೆದು ತುಂಬುವ ವಿಧಾನ ಬಂದಿದೆ. ಆ ಮರ ಕಡಿಮೆ ತಾಮ್ರ ಬಿಡುತ್ತದೆ. ಆಯ್ಕೆ ಇದ್ದರೆ, ನೀರಿನ ಹತ್ತಿರದ ಕೆಲಸಕ್ಕೆ ನಾನು ಅದನ್ನೇ ಹೇಳುತ್ತೇನೆ.

ಇನ್ನು ‘ಚೂರೂ ಸೋರದ’ ಔಷಧ. ಬೂಷ್ಟಿನ ಎಳೆಯನ್ನು ಕೊಲ್ಲಬೇಕಾದರೆ ತಾಮ್ರ ಸ್ವಲ್ಪವಾದರೂ ಕರಗಿ ಅದರೊಳಗೆ ಹೋಗಬೇಕು. ಕಲ್ಲಿನ ಹಾಗೆ ಅಲ್ಲಾಡದೆ ಕೂತರೆ ಬೂಷ್ಟು ಅದರ ಪಕ್ಕದಲ್ಲೇ ಮರ ತಿಂದುಕೊಂಡು ಹೋಗುತ್ತದೆ. ಹಾಗಾಗಿ ಸೋರಿಕೆಯನ್ನು ಕಡಿಮೆ ಮಾಡಬಹುದು, ಸೊನ್ನೆ ಮಾಡಲು ಬರುವುದಿಲ್ಲ.

ಪ್ರಶ್ನೆ: ಕುರಿ ಕೊಟ್ಟಿಗೆಗೆ ಹಸಿರು ಹಲಗೆ ಹಾಕಬಹುದಾ? ಕುರಿಗಳು ಹಲಗೆ ಕಡಿಯುತ್ತವೆ.

ಉತ್ತರ: ಕಡಿಯುವ ಎತ್ತರದಲ್ಲಿ ಬೇಡ. ಸಾಕುಪ್ರಾಣಿಗಳಲ್ಲಿ ತಾಮ್ರಕ್ಕೆ ಬೇಗ ಬಲಿಯಾಗುವುದು ಕುರಿ. ಹೆಚ್ಚಾದ ತಾಮ್ರವನ್ನು ಹೊರಹಾಕಲು ಅದಕ್ಕೆ ಸರಿಯಾಗಿ ಬರುವುದಿಲ್ಲ. ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಸೇರುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಯಾವುದೋ ಆಯಾಸದ ಹೊತ್ತಿನಲ್ಲಿ ಒಮ್ಮೆಲೇ ರಕ್ತಕ್ಕೆ ಬಂದು ರಕ್ತಕಣ ಒಡೆಯುತ್ತದೆ, ಮೂತ್ರ ಕೆಂಪಾಗುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ಬಾಯಿ ತಲುಪುವ ಕಡೆ ಚೇಗಿನ ಮರ ಹಾಕಿ, ಇಲ್ಲವೇ ತಗಡು ಹೊಡೆಯಿರಿ. ಕೊಯ್ದ ಹೊಟ್ಟನ್ನು ಹಾಸಲು ಬಳಸಲೇಬೇಡಿ.

ಪ್ರಶ್ನೆ: ಹೊಸ ಹಲಗೆಗೆ ಹೊಡೆದ ಮೊಳೆ ಇಷ್ಟು ಬೇಗ ತುಕ್ಕು ಹಿಡಿಯುವುದಕ್ಕೂ ತಾಮ್ರವೇ ಕಾರಣವಾ?

ಉತ್ತರ: ಹೌದು. ಒದ್ದೆ ಮರದಲ್ಲಿ ಸಡಿಲವಾಗಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ತೆಳುವಾಗಿ ಸತು ಬಳಿದ ಹೊಳೆಯುವ ಮೊಳೆ ತಡೆಯುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ದಪ್ಪ ಲೇಪದ್ದು, ಅದಕ್ಕಿಂತ ಸ್ಟೇನ್‌ಲೆಸ್ ಸ್ಟೀಲಿನದ್ದು ಒಳ್ಳೆಯದು. ಸ್ಟೇನ್‌ಲೆಸ್‌ನಲ್ಲಿ ಸಾಮಾನ್ಯವಾಗಿ 304 ದರ್ಜೆಯದ್ದು ಸಾಕು, ಸಮುದ್ರದ ಹತ್ತಿರವಾದರೆ 316 ದರ್ಜೆಯದ್ದು ಕೇಳಿ. ಅಲ್ಯೂಮಿನಿಯಂ ಪಟ್ಟಿಗಳನ್ನು ಈ ಮರಕ್ಕೆ ನೇರವಾಗಿ ತಾಗಿಸಬೇಡಿ, ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್ ಪಟ್ಟಿ ಇರಲಿ.